ಬೋಲ್ಟಿನ ಮೇಲಿನ ಕೆಂಪು ಗೆರೆ

ಗಲ್ಫಿನಿಂದ ರಜೆಗೆ ಬಂದಾಗಲೆಲ್ಲ ನನ್ನ ಗಂಡ ಉಗುರು ಬಣ್ಣ ತರುತ್ತಿದ್ದರು. ಐದು ಹೊತ್ತು ನಮಾಜಿಗೆ ಕೈಕಾಲು ತೊಳೆದು ವುಳೂ ಮಾಡುವವಳು ಉಗುರಿಗೆ ನೀರು ತಾಗಗೊಡದ ಬಣ್ಣ ಹಚ್ಚಿಕೊಂಡು ಏನು ಮಾಡಬೇಕು ಎಂಬುದು ಅವರಿಗೆ ಒಮ್ಮೆಯೂ ಹೊಳೆಯಲಿಲ್ಲ. ಅಂಗಡಿಯವನು ಕೊಟ್ಟ, ಕೆಂಪು ಚೆನ್ನಾಗಿತ್ತು, ತಂದುಬಿಟ್ಟೆ ಎನ್ನುತ್ತಿದ್ದರು. ಮದುವೆ ಮನೆಗೆ ಹೋಗುವಾಗ ಒಂದೆರಡು ಸಲ ಹಚ್ಚಿದ್ದೇನೆ, ಸಂಜೆಯೊಳಗೆ ಉಜ್ಜಿ ತೆಗೆದಿದ್ದೇನೆ. ಉಳಿದ ಬಾಟಲಿಗಳು ಸೂಜಿ ನೂಲಿನ ಡಬ್ಬಿಯಲ್ಲಿ ಬಿದ್ದುಕೊಂಡಿದ್ದವು. ಅವು ಕೊನೆಗೆ ಉಪಯೋಗಕ್ಕೆ ಬಂದದ್ದು ಟ್ರೈಲರಿನ ಬೋಲ್ಟಿಗೆ.

ಅವರು ಅಲ್ಲಿ ಓಡಿಸುತ್ತಿದ್ದದ್ದೂ ಟ್ರೈಲರನ್ನೇ. ಅಷ್ಟು ವರ್ಷ ಎಂಜಿನ್ನಿನ ಸದ್ದಿನ ಪಕ್ಕದಲ್ಲಿ ಕೂತು ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯಲ್ಲಿ ಅರ್ಧ ಉಳಿಯಿತು. ಆ ಕಿವಿ ಇಟ್ಟುಕೊಂಡು ಮತ್ತೆ ಅಲ್ಲಿನ ಡಾಕ್ಟರ ಮುಂದೆ ಪಾಸಾಗುವ ಹಾಗಿರಲಿಲ್ಲ. ಊರಿಗೆ ಬಂದು ಹಳೆಯದೊಂದು ಟ್ರೈಲರ್ ಕೊಂಡರು. ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ಹೊತ್ತುಕೊಂಡು ಹೋಗುವ, ನೆಲಕ್ಕೆ ತಾಗುವಷ್ಟು ತಗ್ಗಿನ ಟ್ರೈಲರ್ ಅದು. ನಮ್ಮ ಕಡೆ ಎಲ್ಲಿ ನೋಡಿದರೂ ರಸ್ತೆ ಅಗೆಯುತ್ತಿದ್ದ ಕಾಲ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ, ಬೆಳ್ತಂಗಡಿಯಿಂದ ವಿಟ್ಲಕ್ಕೆ ಯಂತ್ರ ಸಾಗಿಸುವ ಕೆಲಸ ಇದ್ದೇ ಇತ್ತು. ಮೆಲ್ಕಾರಿನಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಗಾಡಿ ನಿಲ್ಲುತ್ತಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಂಥ ಗಾಡಿಯಲ್ಲಿ ಎಳೆಯುವ ಮುಂಭಾಗ ಬೇರೆ, ಹೊರುವ ಹಿಂಭಾಗ ಬೇರೆ. ಎರಡನ್ನೂ ಹಿಡಿದುಕೊಳ್ಳುವುದು ಮುಂಭಾಗದ ಬೆನ್ನ ಮೇಲೆ ಕೂತ ದಪ್ಪ ಕಬ್ಬಿಣದ ತಟ್ಟೆ. ಅದಕ್ಕೆ ಫಿಫ್ತ್ ವೀಲ್ ಎಂದು ಹೆಸರು. ಐದನೇ ಚಕ್ರವಂತೆ! ಅದು ಚಕ್ರವೂ ಅಲ್ಲ, ಉರುಳುವುದೂ ಇಲ್ಲ. ಅದರ ಬಾಯಿಯಲ್ಲಿ ಟ್ರೈಲರಿನ ಕಿಂಗ್‌ಪಿನ್ ಎಂಬ ದಪ್ಪ ಗೂಟ ಸಿಕ್ಕಿಕೊಂಡಿರುತ್ತದೆ. ಆ ತಟ್ಟೆಯನ್ನು ಚಾಸಿಗೆ ಬಿಗಿದು ಹಿಡಿಯುವುದು ಎಡಬಲದಲ್ಲಿರುವ ಕೆಲವು ಬೋಲ್ಟುಗಳು. ಅವು ಸಡಿಲವಾದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದ ಹಾಗೆ. ಕಿತ್ತು ಬಂದರೆ ಬೆನ್ನ ಮೇಲಿನ ಅಷ್ಟು ದೊಡ್ಡ ಯಂತ್ರ ನೇರ ಡ್ರೈವರನ ತಲೆಯ ಹಿಂದೆ.

ಗಲ್ಫಿನ ಅವರ ಕಂಪನಿಯಲ್ಲಿ ಬೋಲ್ಟು ಬಿಗಿದ ಮೇಲೆ ನಟ್ಟಿನಿಂದ ತಟ್ಟೆಯ ಮೇಲಕ್ಕೆ ಒಂದು ಬಣ್ಣದ ಗೆರೆ ಎಳೆಯುವ ಪದ್ಧತಿ ಇತ್ತಂತೆ. ಗೆರೆ ನೇರ ಇದ್ದರೆ ಬೋಲ್ಟು ಕದಲಿಲ್ಲ, ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ನಟ್ಟು ತಿರುಗಿದೆ ಎಂದು ಅರ್ಥ. ಊರಲ್ಲೂ ಅದನ್ನೇ ಮಾಡಬೇಕೆಂದರು. ನಾನು ಡಬ್ಬಿಯಿಂದ ಉಗುರು ಬಣ್ಣ ತೆಗೆದುಕೊಟ್ಟೆ. ಅವರು ನಕ್ಕು, "ನೀನೇ ಎಳೆ ಮಾರಾಯ್ತಿ, ನನ್ನ ಕೈ ದಪ್ಪ ಉಂಟು" ಎಂದರು.

ಗೆರೆ ಎಳೆಯಲು ಹೋದವಳಿಗೆ ಬಡಿಯುವ ಕೆಲಸವೂ ಬಂತು. ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಮೆಲ್ಲಗೆ ಬಡಿದರೆ, ಬಿಗಿ ಇದ್ದದ್ದು ಟಣ್ ಎನ್ನುತ್ತದೆ, ಸಡಿಲ ಇದ್ದದ್ದು ಹಲಸಿನಕಾಯಿಗೆ ಬಡಿದ ಹಾಗೆ ಧಪ್ ಎನ್ನುತ್ತದೆ. ಅವರಿಗೆ ಎರಡೂ ಒಂದೇ. ಹಾಗಾಗಿ ನಾನು ಬಡಿದು ಕೇಳುವುದು, ಅವರು ನಟ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿಯುವುದು, ನಾನು ಗೆರೆ ಎಳೆಯುವುದು. ಬುರ್ಖಾದ ತೋಳು ಮಡಚಿಕೊಂಡು ಗಾಡಿಯ ಅಡಿಗೆ ತೂರುವ ನನ್ನನ್ನು ನೋಡಿ ನಗುವವರು ನಕ್ಕರು. ನನಗೇನು? ಗಂಡನಿಗೆ ಕಿವಿ ಇಲ್ಲ, ನನಗೆ ಉಂಟು. ಅಷ್ಟೇ ಲೆಕ್ಕ.

ಎಲ್ಲ ಸರಿ ಇತ್ತು, ಎಫ್.ಸಿ.ಗೆ ಬಣ್ಣ ಹೊಡೆಸುವವರೆಗೆ. ಗಾಡಿಯನ್ನು ತಪಾಸಣೆಗೆ ಒಯ್ಯುವ ಮೊದಲು ಮದುಮಗಳ ಹಾಗೆ ಸಿಂಗರಿಸುವುದು ನಮ್ಮ ಕಡೆಯ ರೂಢಿ. ಬ್ರೇಕು ಹೇಗಾದರೂ ಇರಲಿ, ಬಣ್ಣ ಮಾತ್ರ ಹೊಳೆಯಬೇಕು! ಇವರು ಒಂದು ಹೆಜ್ಜೆ ಮುಂದೆ ಹೋದರು. ತಟ್ಟೆಯನ್ನು ಬಿಚ್ಚಿ ಕೆಳಗಿಳಿಸಿ, ಅದರ ಅಡಿಗೆ, ಅದು ಕೂರುವ ಜಾಗಕ್ಕೆ, ಎಲ್ಲ ಕಡೆ ದಪ್ಪಗೆ ಎರಡು ಕೋಟು ಬೂದು ಬಣ್ಣ ಹೊಡೆಸಿದರು. "ಮಳೆಗಾಲಕ್ಕೆ ತುಕ್ಕು ಹಿಡೀಬಾರದಲ್ವಾ" ಎಂದರು. ಹೊಸ ಬೋಲ್ಟುಗಳನ್ನೇ ಹಾಕಿ ಬಿಗಿದರು. ನಾನು ಗೆರೆ ಎಳೆದೆ.

ವಾರ ಕಳೆಯುವುದರೊಳಗೆ ಎಡಬದಿಯ ಗೆರೆಗಳು ತುಂಡಾದವು. ಬಿಗಿದೆವು. ಮತ್ತೆ ತುಂಡಾದವು. ನಟ್ಟಿನ ಬುಡದಿಂದ ತೆಳ್ಳಗೆ ಕೆಂಪು ನೀರು ಇಳಿದ ಗುರುತು ಕಾಣತೊಡಗಿತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದಾಗ ಬರುವ ತುಕ್ಕಿನ ನೀರು ಅದು. ಬೋಲ್ಟು ಕಳಪೆ ಎಂದು ಬೇರೆ ಬೋಲ್ಟು ತಂದರು. ವಾಷರ್ ಬದಲಿಸಿದರು. ಪೈಪಿಗೆ ಇನ್ನೂ ಉದ್ದದ ಪೈಪು ಸಿಕ್ಕಿಸಿ ನೇತಾಡಿದರು. ಊಹೂಂ. ಅವರು ಹೊರಟ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆಂಬುಲೆನ್ಸಿನ ಸದ್ದು ಕೇಳಿದರೆ ಒಲೆ ಆರಿಸಿ ರಸ್ತೆಗೆ ಬರುತ್ತಿದ್ದೆ. ಮೂಡುಬಿದಿರೆಯಿಂದ ಬರುವ ದಿನ ಸಿದ್ದಕಟ್ಟೆಯ ತಿರುವುಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ದಾಟಿಸುತ್ತಿದ್ದೆ.

ಕೊನೆಗೊಂದು ದಿನ ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಇನ್ನೊಮ್ಮೆ ಗೆರೆ ತಪ್ಪಿದರೆ ಈ ಗಾಡಿ ಈ ಅಂಗಳದಲ್ಲಿ ಇರಬಾರದು. ಗುಜರಿಗೆ ಕೊಡಿ. ನನಗೆ ಗಂಡ ಬೇಕು, ಗಾಡಿ ಬೇಡ" ಎಂದೆ. ಅರ್ಧ ಕಿವಿಗೂ ಕೇಳುವ ಹಾಗೆಯೇ ಹೇಳಿದ್ದೆ.

ಗಾಡಿ ಹೋದರೆ ಅವರಿಗೆ ಬೇರೆ ಏನಿದೆ? ಕಿವಿ ಕೇಳದವನಿಗೆ ಬಸ್ಸಿನ ಸ್ಟೇರಿಂಗ್ ಯಾರು ಕೊಡುತ್ತಾರೆ? ಇದು ನನಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, ಯಾಕೆಂದರೆ ಬೇರೆ ಯಾವ ಮಾತಿಗೂ ಅವರು ಜಗ್ಗುವವರಲ್ಲ.

ಅದಾದ ಮೇಲೆ ಬಂದ ಕೆಲಸ ಮೂಡುಬಿದಿರೆಯಿಂದ ಯಂತ್ರವೊಂದನ್ನು ಬೆಳ್ತಂಗಡಿಯ ಆಚೆ ರಸ್ತೆ ಕೆಲಸದ ಜಾಗಕ್ಕೆ ಮುಟ್ಟಿಸುವುದು. ಸಂಜೆ ಯಂತ್ರ ಹೇರಿಕೊಂಡು ಬಂದು, ಮನೆಯ ಊಟದ ಆಸೆಗೆ ಸೇತುವೆ ದಾಟಿ ಮೆಲ್ಕಾರಿಗೆ ತಂದು ನಿಲ್ಲಿಸಿದ್ದರು. ಬೆಳಿಗ್ಗೆ ಅವರು ಹೊರಡುವ ಮೊದಲು ನಾನು ಬಗ್ಗಿ ನೋಡಿದೆ. ಎಡಬದಿಯ ಗೆರೆಗಳು ಎಲ್ಲವೂ ನೇರ! ಒಂದೂ ಕದಲಿರಲಿಲ್ಲ. ಬಣ್ಣ ಕರಗಿಸುವ ತಿನ್ನರಿನ ವಾಸನೆ ಸ್ವಲ್ಪ ಬಂತು. ಹೊಸ ಬಣ್ಣದ ಗಾಡಿ, ವಾಸನೆ ಇರುತ್ತದೆ ಎಂದುಕೊಂಡೆ. ಗೆರೆ ನೇರ ಇದ್ದ ಮೇಲೆ ಬಡಿಯುವುದು ಯಾಕೆ ಎಂದು ಸುತ್ತಿಗೆ ಮುಟ್ಟಲಿಲ್ಲ. ಒಲೆಯ ಮೇಲೆ ಗಂಜಿ ಬೇರೆ ಇತ್ತು.

"ನೋಡಿದ್ಯಾ, ಈ ಸಲ ಗಟ್ಟಿ ನಿಂತಿದೆ" ಎಂದರು ಅವರು, ನನ್ನ ಮುಖ ನೋಡದೆ.

"ಅಲ್‌ಹಮ್ದುಲಿಲ್ಲಾ" ಎಂದೆ. ಎಷ್ಟೋ ದಿನಗಳ ಮೇಲೆ ಆ ಬೆಳಿಗ್ಗೆ ನನಗೆ ಹಸಿವಾಯಿತು.

ಗಾಡಿ ತಿರುವಿನಲ್ಲಿ ಮರೆಯಾಗಿ ಒಂದು ಚಾಯ ಕುಡಿಯುವಷ್ಟು ಹೊತ್ತಾಗಿರಬಹುದು. ಮಾಮಿ, ಅಂದರೆ ನನ್ನ ಅತ್ತೆ, ದಿಂಬಿನ ಹೊಲಿಗೆ ಬಿಟ್ಟಿದೆ ಎಂದು ಸೂಜಿ ಕೇಳಿದರು. ಡಬ್ಬಿ ತೆರೆದೆ. ಉಗುರು ಬಣ್ಣದ ಬಾಟಲಿ ನೂಲಿನ ಉಂಡೆಗಳ ಮೇಲೆ ಅಡ್ಡ ಬಿದ್ದಿತ್ತು. ಮುಚ್ಚಳ ಓರೆಯಾಗಿ ಕೂತಿತ್ತು. ಮುಚ್ಚಳದ ಮೇಲೆ ಗ್ರೀಸಿನ ಒಂದು ದೊಡ್ಡ ಹೆಬ್ಬೆಟ್ಟಿನ ಗುರುತು, ಕಪ್ಪಗೆ, ಹಸಿಯಾಗಿ.

ಆ ಬಾಟಲಿಯನ್ನು ನನ್ನನ್ನು ಬಿಟ್ಟು ಯಾರೂ ಮುಟ್ಟುವುದಿಲ್ಲ. ಬೋಲ್ಟು ಕದಲದಿದ್ದರೆ ಹೊಸ ಗೆರೆ ಯಾಕೆ ಬೇಕು? ಕದಲಿದ್ದರೆ, ನನ್ನನ್ನು ಕರೆದು ಕೈಗೆ ಸುತ್ತಿಗೆ ಕೊಡದೆ, ಅದು ಬಿಗಿಯಾಯಿತೆಂದು ಅವರಿಗೆ ಹೇಗೆ ತಿಳಿಯಬೇಕು? ತಿನ್ನರಿನ ವಾಸನೆ ಯಾಕೆ ಬಂದಿತ್ತೆಂದು ಈಗ ಅರ್ಥವಾಯಿತು. ಹಳೆಯ ಗೆರೆ ಒರೆಸಿ, ನಟ್ಟು ತಿರುಗಿ ನಿಂತಿದ್ದಲ್ಲಿಗೇ ಹೊಸ ಗೆರೆ ಎಳೆದಿದ್ದರು. ನನ್ನ ಕಣ್ಣಿಗೆ ಮಣ್ಣೆರಚಲು, ನನ್ನದೇ ಬಣ್ಣ!

ಫೋನು ಮಾಡಿದೆ. ರಿಂಗಾಗುತ್ತಲೇ ಇತ್ತು. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಫೋನು ಎಲ್ಲಿ ಕೇಳುತ್ತದೆ? ಕೆಳಗೆ ತಟ್ಟೆ ಕಟಕಟ ಎಂದರೂ ಕೇಳುವುದಿಲ್ಲ. ಬೇರೆ ಯಾರೇ ಡ್ರೈವರಾಗಿದ್ದರೂ ಬ್ರೇಕು ಒತ್ತಿದಾಗ ಬರುವ ಆ ಸದ್ದಿಗೆ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ. ನನ್ನ ಗಂಡ ಮಾತ್ರ ಇಳಿಯುವವರಲ್ಲ.

"ಎಲ್ಲಿಗೆ ಓಡ್ತಿ? ಸೂಜಿ ಎಲ್ಲಿ?" ಎಂದು ಮಾಮಿ ಕೂಗುತ್ತಿದ್ದರು. ಬುರ್ಖಾ ತಲೆಗೆ ಹಾಕಿಕೊಳ್ಳುತ್ತಲೇ ಅಂಗಳ ದಾಟಿದೆ.

ರಿಕ್ಷಾ ಹಿಡಿದು ಬಿ.ಸಿ.ರೋಡಿಗೆ ಹೋದೆ. ನೇತ್ರಾವತಿಯ ಸೇತುವೆ ದಾಟುವಾಗ ಗೊತ್ತಿಲ್ಲದೆಯೇ ತಡೆಗೋಡೆ ಎಲ್ಲಾದರೂ ಒಡೆದಿದೆಯೇ ಎಂದು ನೋಡುತ್ತಿದ್ದೆ. ರಿಕ್ಷಾದಲ್ಲೇ ಬೆಳ್ತಂಗಡಿವರೆಗೂ ಹೋಗುವ ಎಂದರೆ ಅವನು ಗ್ಯಾಸ್ ಇಲ್ಲ ಎಂದ. ಬೆಳ್ತಂಗಡಿ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿ, ಡ್ರೈವರನ ಹಿಂದಿನ ಕಂಬ ಹಿಡಿದು ನಿಂತೆ. ಸೀಟು ಇತ್ತು. ಕೂರಲು ಆಗಲಿಲ್ಲ.

ಬಸ್ಸು ಎಂದರೆ ಆ ದಿನದ ಬಸ್ಸು! ಕೈ ತೋರಿಸಿದಲ್ಲೆಲ್ಲ ನಿಂತಿತು. ಬಂಟ್ವಾಳದಲ್ಲಿ ಒಬ್ಬ ಹುಲ್ಲಿನ ಕಟ್ಟು ಹೇರಿದ. ಮಣಿಹಳ್ಳದಲ್ಲಿ ಒಬ್ಬಳು ಚಿಲ್ಲರೆಗಾಗಿ ಚೀಲವನ್ನೆಲ್ಲ ಕೊಡವಿದಳು. ನನಗೆ ಅವರೆಲ್ಲರ ಮೇಲೂ ಸಿಟ್ಟು ಬಂತು. ಬದುಕಿರುವುದೇ ಅಪರಾಧ ಎಂಬಷ್ಟು ಸಿಟ್ಟು. ಪ್ರತಿ ತಿರುವಿನಲ್ಲೂ ಜನ ಗುಂಪು ಕಟ್ಟಿ ನಿಂತಿರುತ್ತಾರೆ, ಅಡ್ಡ ಬಿದ್ದ ಹಳದಿ ಯಂತ್ರ ಕಾಣುತ್ತದೆ ಎಂದು ಕಾಯುತ್ತಿದ್ದೆ. ಕಾಣದಿದ್ದಾಗ ಸಮಾಧಾನವಾಗುತ್ತಿರಲಿಲ್ಲ, ಮುಂದಿನ ತಿರುವು ಇದ್ದೇ ಇತ್ತಲ್ಲ. ಬಾಯಲ್ಲಿ ದುವಾ, ಅದರ ನಡುನಡುವೆ ಗಂಡನಿಗೆ ಬೈಗುಳ. ಎರಡನ್ನೂ ಅಲ್ಲಾಹನೇ ಬೇರೆ ಬೇರೆ ಮಾಡಿ ಕೇಳಿಸಿಕೊಂಡಿರಬೇಕು.

"ಅಕ್ಕ, ನಿಮಗೆ ಹುಷಾರಿಲ್ವಾ? ಕೂತ್ಕೊಳ್ಳಿ ಮಾರಾಯ್ರೇ" ಎಂದ ಕಂಡಕ್ಟರ್.

"ಅಣ್ಣ, ಮುಂದೆ ನಮ್ಮ ಟ್ರೈಲರ್ ಹೋಗ್ತಾ ಉಂಟು. ತಟ್ಟೆಯ ಬೋಲ್ಟು ಸಡಿಲ ಉಂಟು. ಅವರಿಗೆ ಗೊತ್ತಿಲ್ಲ, ಕಿವಿಯೂ ಕೇಳುವುದಿಲ್ಲ" ಎಂದೆ. ಗೊತ್ತಿಲ್ಲ ಎಂದದ್ದು ಸುಳ್ಳು. ನನ್ನ ಗಂಡ ಗೊತ್ತಿದ್ದೇ ಹೋಗಿದ್ದಾರೆ ಎಂದು ಬಸ್ಸಿನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ.

ಅವನು ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಬಸ್ಸು ಯಾರಿಗೂ ನಿಲ್ಲಲಿಲ್ಲ. ಇಳಿಯಬೇಕಾದವನೊಬ್ಬ ಬೊಬ್ಬೆ ಹಾಕಿದರೂ ಕಂಡಕ್ಟರ್ ಸೀಟಿ ಊದಲಿಲ್ಲ. ವಗ್ಗ ದಾಟಿದ ಮೇಲೆ ಕಂಡಿತು, ಯಂತ್ರದ ಹಳದಿ ಬೆನ್ನು. ಅದರ ಹಿಂದೆ ಕಾರುಗಳ ಸಾಲು. ಗಾಡಿ ಇಳಿಜಾರು ಇಳಿಯುತ್ತಿತ್ತು.

ಬಸ್ಸಿನ ಡ್ರೈವರ್ ಹಾರ್ನು ಹೊಡೆಯುತ್ತ ಒಂದೊಂದೇ ಕಾರು ಹಿಂದೆ ಹಾಕಿದ. ನಾವು ಟ್ರೈಲರಿನ ಪಕ್ಕಕ್ಕೆ ಬಂದೆವು. ಕಿಟಕಿಯಿಂದ ಅವರ ಬಲಗಿವಿ, ಆ ಅರ್ಧ ಕಿವಿ, ಕಂಡಿತು. ಕೂಗಿದೆ. ಬಸ್ಸಿನವರೆಲ್ಲ ಕೂಗಿದರು. ಅವರು ರಸ್ತೆ ನೋಡಿಕೊಂಡು ನೆಟ್ಟಗೆ ಕೂತಿದ್ದರು.

"ಮುಂದೆ ಹೋಗಿ ಅಡ್ಡ ನಿಲ್ಲಿಸ್ತೇನೆ" ಎಂದ ಬಸ್ಸಿನ ಡ್ರೈವರ್.

"ಬೇಡ! ಅಡ್ಡ ನಿಲ್ಲಿಸಬೇಡಿ! ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಅದು ಅವರ ಮೇಲೆಯೇ ಬರ್ತದೆ!" ಎಂದು ಕಿರುಚಿದೆ. "ತಗ್ಗು ದಾಟುವ. ಮುಂದಿನ ಏರಿನ ತುದಿಯಲ್ಲಿ ನನ್ನನ್ನು ಇಳಿಸಿ."

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಮುಂದೆ ಓಡಿಸಿದ. ಏರಿನ ನೆತ್ತಿಯಲ್ಲಿ ನನ್ನನ್ನು ಇಳಿಸಿ ಪಕ್ಕಕ್ಕೆ ನಿಂತ.

ರಸ್ತೆಯ ನಡುವೆ ನಿಂತೆ. ಕೆಳಗೆ ತಗ್ಗಿನಲ್ಲಿ ನಮ್ಮ ಗಾಡಿ ತಿರುವು ಬಿಟ್ಟು ಹೊರಬಂತು. ತಗ್ಗಿನಲ್ಲಿ ಅವರೇನಾದರೂ ಬ್ರೇಕು ಒತ್ತಿದರೆ? ನಾಯಿಯೋ ದನವೋ ಅಡ್ಡ ಬಂದರೆ? ಏನೂ ಅಡ್ಡ ಬಾರದಿರಲಿ ಎಂದು ಬೇಡಿಕೊಂಡೆ. ಗಾಡಿ ಏರು ಹತ್ತಲು ತೊಡಗಿತು. ಭಾರಕ್ಕೆ ಗೇರು ಇಳಿಸಿದರು, ವೇಗ ಕಡಿಮೆಯಾಯಿತು, ಇನ್ನೂ ಕಡಿಮೆಯಾಯಿತು. ಏರಿನಲ್ಲಿ ಹಿಂಭಾಗ ಹಿಂದಕ್ಕೆ ಜಗ್ಗುತ್ತದೆ, ಮುಂದಕ್ಕೆ ನುಗ್ಗುವುದಿಲ್ಲ. ಆಗ ಎರಡೂ ಕೈ ಎತ್ತಿದೆ. ಮೇಲಿನಿಂದ ಕೆಳಗೆ, ಮೆಲ್ಲಗೆ, ಮೆಲ್ಲಗೆ ಎಂದು ಬೀಸಿದೆ. ಗಾಜಿನ ಹಿಂದೆ ಅವರ ಮುಖ ಕಂಡಿತು. ಮೊದಲು ಗಾಬರಿ, ಆಮೇಲೆ ನನ್ನ ಗುರುತು, ಆಮೇಲೆ ಆ ಮುಖ ಕುಸಿಯಿತು. ಮನೆಯಲ್ಲಿ ಯಾರಿಗೋ ಏನೋ ಆಯಿತೆಂದಲ್ಲ. ನನಗೆ ತಿಳಿಯಿತು ಎಂದು ಅವರಿಗೆ ತಿಳಿಯಿತು.

ಗಾಡಿ ತಾನಾಗಿ ನಿಲ್ಲುವಷ್ಟು ನಿಧಾನಕ್ಕೆ ನಿಂತಿತು. ಕಂಡಕ್ಟರ್ ಚಕ್ರಗಳ ಅಡಿಗೆ ಕಲ್ಲು ಕೊಟ್ಟ. ನಾನು ಕ್ಯಾಬಿನ್ನಿನಿಂದ ಸುತ್ತಿಗೆ ತೆಗೆದುಕೊಂಡು ಎಡಬದಿಗೆ ಹೋದೆ. ಕೆಂಪು ಗೆರೆಗಳು ಬೆಳಿಗ್ಗೆ ನೇರ ಇದ್ದದ್ದು ಈಗ ಒಂದೊಂದು ಒಂದೊಂದು ದಿಕ್ಕಿಗೆ. ಮೊದಲನೆಯದಕ್ಕೆ ಬಡಿದೆ. ಧಪ್. ಎರಡನೆಯದು ಧಪ್. ಮೂರನೆಯದಕ್ಕೆ ಬಡಿದಾಗ ತಲೆಯೇ ಕಳಚಿ ನನ್ನ ಕಾಲ ಬುಡದಲ್ಲಿ ಬಿತ್ತು. ಒಳಗೆ ಯಾವಾಗಲೋ ತುಂಡಾಗಿತ್ತು. ಬಾಗಿ ಅದನ್ನು ಎತ್ತಿಕೊಂಡೆ, ಬಿಸಿ ಇತ್ತು.

ಅವರು ನನ್ನ ಹಿಂದೆ ನಿಂತಿದ್ದರು. ಆ ತುಂಡನ್ನು ಅವರ ಅಂಗೈಯಲ್ಲಿ ಇಟ್ಟೆ.

"ನೀನು ಗಾಡಿ ಗುಜರಿಗೆ ಕೊಡಿಸಿ ಬಿಡ್ತಿ ಅಂತ" ಎಂದರು. "ಇದೊಂದು ಟ್ರಿಪ್ ಮುಗಿಸಿ ಎಲ್ಲ ಬಿಚ್ಚಿ ನೋಡುವ ಅಂತ ಇದ್ದೆ. ಬಿಗಿದಿದ್ದೆ ನಾನು. ಪೈಪು ಹಾಕಿಯೇ ಬಿಗಿದದ್ದು. ಟೈಟ್ ಆಯ್ತು ಅಂತ ಕಂಡಿತು."

"ಕಂಡಿತಾ? ಕೇಳಿತಾ?"

ಅವರು ಆ ತುಂಡನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

"ಸಾಯುವುದಿದ್ದರೆ ಹೇಳಿ ಸಾಯಿರಿ. ನನ್ನ ಬಣ್ಣ ಹಚ್ಚಿಕೊಂಡು ಸಾಯಬೇಡಿ" ಎಂದೆ. ಅಷ್ಟು ಹೇಳಿ ರಸ್ತೆಯ ಬದಿಯ ಮೋರಿಯ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಬಸ್ಸಿನ ಹೆಂಗಸೊಬ್ಬರು ಇಳಿದು ಬಂದು ನೀರಿನ ಬಾಟಲಿ ಕೊಟ್ಟರು. ಮಣಿಹಳ್ಳದಲ್ಲಿ ಚಿಲ್ಲರೆಗಾಗಿ ಚೀಲ ಕೊಡವಿದ ಅದೇ ಹೆಂಗಸು.

ಯಂತ್ರದ ಆಪರೇಟರನನ್ನು ಕರೆಸಿ ಯಂತ್ರವನ್ನು ಅಲ್ಲೇ ಕೆಳಗಿಳಿಸಿದ್ದಾಯಿತು. ಹಿಂಭಾಗವನ್ನು ಅದರದೇ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ, ಬರೀ ಮುಂಭಾಗವನ್ನು ಪುಂಜಾಲಕಟ್ಟೆಯ ಗ್ಯಾರೇಜಿಗೆ ಆಮೆಯ ಹಾಗೆ ಒಯ್ದೆವು. ನಾನೂ ಕ್ಯಾಬಿನ್ನಿನಲ್ಲೇ ಕೂತೆ. ಉಳಿದ ಬೋಲ್ಟು ಬಿಚ್ಚಿ ತಟ್ಟೆಯನ್ನು ಎತ್ತಿದಾಗ ಕಾರಣ ಕಣ್ಣೆದುರೇ ಬಿದ್ದಿತ್ತು. ಎಫ್.ಸಿ.ಗೆ ಹೊಡೆಸಿದ ಆ ಬೂದು ಬಣ್ಣ ತಟ್ಟೆಯ ಅಡಿಯಲ್ಲಿ ಜಜ್ಜಿ ಹಪ್ಪಳದ ಚೂರಾಗಿತ್ತು. ಅಂಚಿನಲ್ಲಿ ಹಿಂಡಿ ಹೊರಬಂದಿತ್ತು. ಅವರು ಉಗುರಿನಿಂದ ಒಂದು ಚೂರು ಕೆರೆದು ತೆಗೆದು ಬಹಳ ಹೊತ್ತು ನೋಡಿದರು.

"ಬೋಲ್ಟಿನದ್ದು ಏನೂ ತಪ್ಪಿಲ್ಲ" ಎಂದರು. "ಇದು. ಕಬ್ಬಿಣ ಕಬ್ಬಿಣದ ಮೇಲೆ ಕೂರಬೇಕಿತ್ತು. ನಡುವೆ ಈ ಬಣ್ಣ ಕೂತಿತ್ತು. ಬಿಗಿದ ಹಾಗೆಲ್ಲ ಅದು ಪುಡಿಯಾಗ್ತಾ ಹೋಯ್ತು, ನಟ್ಟಿಗೆ ಹಿಡಿತವೇ ಸಿಗಲಿಲ್ಲ. ಬಿಗಿದದ್ದೆಲ್ಲ ಬಣ್ಣವನ್ನು, ಮಾರಾಯ್ತಿ."

ತುಕ್ಕು ಹಿಡಿಯಬಾರದೆಂದು ಪ್ರೀತಿಯಿಂದ ಹೊಡೆಸಿದ್ದು. ಬಣ್ಣವನ್ನೆಲ್ಲ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಕೆರೆದು, ಎಲ್ಲ ಬೋಲ್ಟನ್ನೂ ನಟ್ಟನ್ನೂ ಹೊಸದು ಹಾಕಿ, ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್ ತಂದು ಅಳತೆಗೆ ಬಿಗಿದರು. ಒಂದು ಲೋಡು ಓಡಿಸಿ ಬಂದ ಮೇಲೆ ಮತ್ತೊಮ್ಮೆ ಬಿಗಿದರು. ಗಾಡಿಯನ್ನು ಗುಜರಿಗೆ ಕೊಡಲಿಲ್ಲ. ಆ ಮಾತನ್ನು ನಾನು ಮತ್ತೆ ಎತ್ತಲೂ ಇಲ್ಲ.

ಬೋಲ್ಟು ಈಗ ಕದಲುವುದಿಲ್ಲ. ಒಂದು ಮಳೆಗಾಲ ಕಳೆದರೂ ಗೆರೆಗಳು ಎಳೆದಲ್ಲೇ ಇವೆ. ಆದರೂ ಗಾಡಿ ಹೊರಡುವ ಮೊದಲು ನಾನು ಸುತ್ತಿಗೆ ಹಿಡಿದು ಅಡಿಗೆ ತೂರುತ್ತೇನೆ. ಮುಂಚೆ ಗೆರೆ ನೇರ ಇದ್ದರೆ ಬಡಿಯುತ್ತಿರಲಿಲ್ಲ, ಈಗ ಪ್ರತಿಯೊಂದಕ್ಕೂ ಬಡಿದು ಕೇಳುತ್ತೇನೆ. ಅವರು ಪಕ್ಕದಲ್ಲಿ ನಿಂತು ಅಂಗೈಯನ್ನು ತಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಕೇಳದ್ದನ್ನು ಕೈಯಿಂದಲಾದರೂ ತಿಳಿಯಲು. ಗೆರೆ ನೇರ ಉಂಟಲ್ಲ, ಮತ್ತೆ ಬಡಿಯುವುದು ಯಾಕೆ ಎಂದು ಅವರು ಒಮ್ಮೆಯೂ ಕೇಳಿಲ್ಲ.